ಅಮ್ಮನ ಸೀರೆ, ನರ್ಸಿನ ಬೈಂಡರ್

ಬೈಂಡರ್ ಎಂದರೆ ನನಗೆ ಆಫೀಸಿನಲ್ಲಿ ಕಾಗದ ಸೇರಿಸಿಡುವ ದಪ್ಪ ಫೈಲು. ರಸ್ತೆ ಮಾಡುವ ಕಂಪನಿಯಲ್ಲಿದ್ದ ನನ್ನ ಗಂಡನಿಗೆ ಅದು ಜಲ್ಲಿಯನ್ನು ಹಿಡಿದಿಡುವ ಡಾಂಬರು. ಇನ್ನೊಂದು ಅರ್ಥ ತಿಳಿದದ್ದು ಮಗಳು ಹುಟ್ಟಿದ ಮೇಲೆ, ಅಮೆರಿಕದ ಶುಗರ್ ಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ.

ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ದಿನಾ ನನಗೆ ಎಣ್ಣೆನೀರು ಹಾಕಿ, ತನ್ನ ಹಳೆಯ ಹತ್ತಿ ಸೀರೆಯನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದಳು. ಮಗುವನ್ನು ನೋಡಲು ಆಸ್ಪತ್ರೆಯ ನರ್ಸ್ ಮನೆಗೆ ಬಂದ ದಿನ, ಬೆಲ್ ಆದದ್ದೇ ತಡ, ನಾನು ಸೀರೆ ಬಿಚ್ಚಿ ಸೋಫಾದ ಹಿಂದಕ್ಕೆ ತುರುಕಿದೆ. ಹಳ್ಳಿಗುಗ್ಗು ಎಂದುಕೊಂಡಾಳು ಎಂಬ ನಾಚಿಕೆ. ಅಮ್ಮ ಅದನ್ನು ನೋಡಿದಳು.

ನರ್ಸ್ ನನ್ನ ಹೊಟ್ಟೆ ಮುಟ್ಟಿ ನೋಡಿ, ಬ್ಯಾಗಿನಿಂದ ಅಗಲವಾದ ಬಿಳಿ ಪಟ್ಟಿಯೊಂದನ್ನು ತೆಗೆದಳು. ಅದರ ಹೆಸರು ಬೈಂಡರ್. ಹೆರಿಗೆಯಾದವರು ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಂಡರೆ ಒಳ್ಳೆಯದಂತೆ. ಅಂಥದ್ದೊಂದು ಲೋಕದಲ್ಲಿದೆಯೆಂದು ಅಂದೇ ಗೊತ್ತಾದವಳಂತೆ ನಾನು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿದೆ.

ಅವಳು ಹೋದ ಮೇಲೆ ಅಮ್ಮ ಸೋಫಾದ ಹಿಂದಿನಿಂದ ಸೀರೆ ಎಳೆದು, ಧೂಳು ಕೊಡವಿ ಮಡಿಸಿದಳು. ನನಗೆ ಮುಖ ಎತ್ತಲಾಗಲಿಲ್ಲ.

"ಅವ್ರು ಬರೋ ದಿನ ಅದನ್ನೇ ಹಾಕ್ಕೋ," ಎಂದಳು. "ಮಿಕ್ಕಿದ್ ದಿನ ನಾನು ಕಟ್ತೀನಿ."