ಚನ್ನಾಜಮ್ಮನ ಎಡೆ

ದನದ ಡಾಕ್ಟರಾಗಿದ್ದ ನಾನು ವಾರಪತ್ರಿಕೆಗೆ ಧಾರಾವಾಹಿಯನ್ನೂ ಬರೆಯುತ್ತಿದ್ದೆ. ಅದರಲ್ಲಿ ಚನ್ನಾಜಮ್ಮ ಅಂತ ಒಬ್ಬ ಮುದುಕಿ. ನಡಿಗೆ ನನ್ನ ಸೋದರತ್ತೆಯದು, ಬೈಗುಳ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹೂವಿನವಳದು, ಉಳಿದದ್ದೆಲ್ಲ ಶುದ್ಧ ಸುಳ್ಳು. ಹಿಂದಿನ ವಾರವಷ್ಟೇ ಅವಳನ್ನು ಸಾಯಿಸಿದ್ದೆ.

ಹಿರಿಯರಿಗೆ ಎಡೆ ಇಡುವ ಮಾರ್ನಮಿಯ ದಿನ ಮುಳ್ಳೂರಿನಲ್ಲಿ ತಿಣುಕುತ್ತಿದ್ದ ಹಸುವೊಂದರ ಕರು ಎಳೆದು ಕೈ ತೊಳೆದೆ. ಊಟ ಮಾಡಿಕೊಂಡೇ ಹೋಗಬೇಕೆಂದು ಮನೆಯ ಅಜ್ಜಿ ಒಳಗೆ ಕರೆದರು. ಸತ್ತ ಹಿರಿಯರಿಗೆಲ್ಲ ಸಾಲಾಗಿ ಎಡೆ ಇಟ್ಟಿದ್ದರು. ಒಂದು ಎಲೆ ಮಾತ್ರ ಸ್ವಲ್ಪ ದೂರದಲ್ಲಿತ್ತು.

"ಅದ್ಯಾರಿಗಮ್ಮ?"

"ನಿಮ್ ಚನ್ನಾಜಮ್ಮನ್ಗೆ ಸಾ. ನಮ್ ಸೊಸೆ ಓದಿ ಯೋಳ್ತಿದ್ಲು. ಮಕ್ಳಿಲ್ದೋಳು, ಎಡೆ ಇಡೋರು ಯಾರವ್ರೆ?"

ನಗು ಬಂತು. ಆದರೆ ಆ ಎಲೆಯ ತುದಿಯಲ್ಲಿ ಹೊಗೆಸೊಪ್ಪಿನ ತುಂಡೊಂದಿತ್ತು. ಚನ್ನಾಜಮ್ಮನಿಗೆ ಆ ಚಟವಿದೆ ಎಂದು ಮೊದಲು ಬರೆದಿದ್ದೆ. ಆಮೇಲೆ ಬೇಡವೆನಿಸಿ ಹೊಡೆದುಹಾಕಿ, ಅದಿಲ್ಲದೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

"ಹೊಗೆಸೊಪ್ಪಿನ ವಿಷಯ ಕಥೇಲಿ ಇಲ್ವಲ್ಲಮ್ಮ?"

"ನೀವು ಬರೀದಿದ್ರೆ ಏನ್ಸಾ? ಆಯಮ್ಮ ಯಾವಾಗ್ಲೂ ದವಡೇಲಿ ಮಡೀಕಂಡೇ ಮಾತಾಡೋಳು."

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗುಲಿಯಲ್ಲಿ ಕೂತೆವು. ತೆರೆದಾಗ ಎಲೆಗಳೆಲ್ಲ ಇಟ್ಟ ಹಾಗೇ ಇದ್ದವು. ಹೊಗೆಸೊಪ್ಪು ಮಾತ್ರ ಯಾರೋ ಚಿವುಟಿಕೊಂಡ ಹಾಗೆ ಅರ್ಧವಾಗಿತ್ತು.

"ಇಲಿ ಇರಬೇಕು," ಅಂದೆ.

"ಇಲಿ ಒಗೆಸೊಪ್ಪು ತಿಂದದಾ ಸಾ?" ಎಂದು ಅಜ್ಜಿ ಎಲೆಗೆ ಕೈಮುಗಿದರು.

ಮುಂದಿನ ಕಾದಂಬರಿಯಲ್ಲಿ ನಾನು ಯಾರನ್ನೂ ಸಾಯಿಸಲಿಲ್ಲ. ನನ್ನ ಬರವಣಿಗೆಯಲ್ಲಿ ಆಶಾವಾದ ಮೂಡಿದೆ ಎಂದು ವಿಮರ್ಶಕರು ಮೆಚ್ಚಿಕೊಂಡರು.