ಕೊನೆಯ ಒಂದು ಸಂದೇಶಕ್ಕೆ ಅನುಮತಿ

ನಮ್ಮ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಮೆಸೇಜ್ ಕಳಿಸುವ ಕೆಲಸ ಕಾಯ್ದೆ ಮಾಮನದು. ಆ ಹೆಸರಿಟ್ಟವಳು ನಾನೇ. ಅವರ ಪಕ್ಕದ ಮೇಜಿನಲ್ಲಿ ಕೂತು ಯಂತ್ರದಲ್ಲಿ ಕನ್ನಡಕದ ಗಾಜು ಉಜ್ಜುತ್ತೇನೆ. ಹನ್ನೊಂದು ವರ್ಷ ಅವರ ನಿಯಮಪಾಠ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಗಿರಾಕಿಯ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಹೋಗಕೂಡದು. ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಕೂಡದು. ಸರ್ಕಾರದ ನಿಯಮದಂತೆ ಮೊದಲೇ ನೋಂದಾಯಿಸಿದ ಒಕ್ಕಣೆಯಲ್ಲಿ ಅಲ್ಪವಿರಾಮವೂ ಆಚೀಚೆ ಆಗಕೂಡದು. ಸಂದೇಶ ಬೇಡವೆಂದು ಉತ್ತರಿಸಿದವರ ನಂಬರನ್ನು ಅದೇ ದಿನ ಅಳಿಸಬೇಕು. ಫಾರ್ಮಿನಲ್ಲಿ ಒಪ್ಪಿಗೆಯ ಗುರುತು ಹಾಕಲು ಮರೆತು ಹೊರಟವರ ಹಿಂದೆ ಮಾಮ ಬಸ್ ನಿಲ್ದಾಣದವರೆಗೂ ಓಡಿದ್ದುಂಟು. "ದೇಶ ನಿಮ್ಮ ಮೇಲೇ ನಿಂತಿದೆ ಬಿಡಿ" ಎಂದು ಮಾಲೀಕರು ಕಿಚಾಯಿಸಿದರೆ, ಮಾಮ ನಗುತ್ತಿರಲಿಲ್ಲ. "ಬೇರೆಯವರ ಫೋನು ಅವರ ಮನೆ ಇದ್ದ ಹಾಗೆ ಸಾರ್. ಕೇಳ್ದೆ ಒಳಗೆ ಹೋಗಬಾರ್ದು" ಎನ್ನುತ್ತಿದ್ದರು.

ಇಂಥ ಮನುಷ್ಯ ಸ್ವಂತ ಮಗಳಿಗೆ ಕಳಿಸಲೇಬೇಕಾಗಿದ್ದ ಒಂದು ಸಾಲನ್ನು ಕಳಿಸಲಿಲ್ಲ. ಹೆಂಡತಿ ಆಸ್ಪತ್ರೆ ಸೇರಿದಾಗ ಮಗಳಿಗೆ ಬೇರೆ ಊರಿನಲ್ಲಿ ಕೊನೆಯ ವರ್ಷದ ಪರೀಕ್ಷೆ. ಓದು ಕೆಡುವುದು ಬೇಡ, ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡರು. ಪರೀಕ್ಷೆ ಮುಗಿಯಲು ಎರಡು ದಿನವಿರುವಾಗ ಆಕೆ ತೀರಿಹೋದರು. ಓಡಿ ಬಂದ ಮಗಳು ತಾಯಿಯ ಮುಖ ನೋಡಿ ಅಪ್ಪನ ಕಡೆ ತಿರುಗಿದಳಂತೆ. "ಊರಿಗೆಲ್ಲ ಮೆಸೇಜ್ ಕಳಿಸ್ತೀರ. ನನಗೊಂದು ಕಳಿಸೋಕಾಗ್ಲಿಲ್ವ?" ಅದೇ ಕೊನೆಯ ಮಾತು. ವಾಪಸು ಹೋದವಳು ಅಪ್ಪನ ನಂಬರನ್ನು ಬ್ಲಾಕ್ ಮಾಡಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ದಿನಾ ಆ ಮುಖವನ್ನು ನೋಡಬೇಕಾದವಳು ನಾನು.

ಅಂಗಡಿಯ ನಂಬರು ಮಾತ್ರ ಉಳಿದಿತ್ತು. ಕಾಲೇಜಿಗೆ ಹೋಗುವ ಮುಂಚೆ ಅವಳು ನಮ್ಮಲ್ಲೇ ಕನ್ನಡಕ ಮಾಡಿಸಿಕೊಂಡು, ಫಾರ್ಮಿನಲ್ಲಿ ಗುರುತು ಹಾಕಿ ಹೋಗಿದ್ದಳು. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲರಂತೆ ಅವಳಿಗೂ ಒಂದು ಸಂದೇಶ: 'ನಿಮ್ಮ ಕಣ್ಣಿನ ಪರೀಕ್ಷೆಯಾಗಿ ವರ್ಷ ದಾಟಿದೆ. ದಯವಿಟ್ಟು ಬನ್ನಿ.' ಆ ದಿನ ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು. ಸಂದೇಶ ತಲುಪಿತೆಂದು ಗೊತ್ತಾದರೆ ನನಗೆ ಚಹಾ ಕೊಡಿಸುತ್ತಿದ್ದರು. "ಕೊನೇಲಿ 'ಅಪ್ಪ' ಅಂತ ಒಂದು ಪದ ಸೇರಿಸಿಬಿಡಿ ಮಾಮ" ಎಂದಿದ್ದೆ ಒಮ್ಮೆ. "ನೋಂದಾಯಿಸಿದ್ರಲ್ಲಿ ಅದಿಲ್ಲ ಕಣಮ್ಮ" ಎಂದರು. ನನಗೆ ರೇಗಿಹೋಯಿತು.

ಅವಳು ಮಾತು ಬಿಟ್ಟ ಮೂರನೆಯ ವರ್ಷ, ಸಂದೇಶ ಹೋದ ಐದೇ ನಿಮಿಷಕ್ಕೆ ಅವಳಿಂದ ಉತ್ತರ ಬಂತು. ಮಾಮ ಎದ್ದೇ ನಿಂತರು. ನಾನು ಯಂತ್ರ ನಿಲ್ಲಿಸಿ ಇಣುಕಿದೆ. 'ಬೇಡ' ಎಂದಿತ್ತು.

ಅವರು ಮೆಲ್ಲಗೆ ಕೂತರು. ಗಿರಾಕಿಯೊಬ್ಬರು ಬಂದು ಏನೋ ಕೇಳಿದರು, ಉತ್ತರ ಸಿಗದೆ ಗೊಣಗಿಕೊಂಡು ಹೋದರು. ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ.

"ಹಾಗೇ ಬಿಟ್ಬಿಡಿ ಮಾಮ. ಸಾವಿರಾರು ನಂಬರಲ್ಲಿ ಒಂದು. ಯಾರು ಬಂದು ನೋಡ್ತಾರೆ?"

"ಬೇಡ ಅಂದಿದಾಳಲ್ಲ."

"ಅಂಗಡಿಗೆ ಅಂದಿರೋದು. ನಿಮಗಲ್ಲ."

"ಒಪ್ಪಿಗೆ ಕೊಟ್ಟಿದ್ದೂ ಅಂಗಡಿಗೇ ಕಣಮ್ಮ. ಅಪ್ಪನಿಗಲ್ಲ." ಕಂಪ್ಯೂಟರಿನ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಅವಳು ಕೇಳಿದ್ದನ್ನ ಒಂದ್ಸಲ ಆದ್ರೂ ಮಾಡ್ತೀನಿ."

ನಾನು ಕುರ್ಚಿಯನ್ನು ಅವರ ಮೇಜಿನ ಹತ್ತಿರ ಎಳೆದುಕೊಂಡೆ.

ಅಳಿಸುವ ಮುನ್ನ ನಿಯಮ ಒಂದೇ ಒಂದು ಸಂದೇಶಕ್ಕೆ ಅವಕಾಶ ಕೊಡುತ್ತದೆ. ಅದರ ಒಕ್ಕಣೆ ಎಂದೋ ಮಾಮನೇ ಬರೆದು ನೋಂದಾಯಿಸಿದ್ದು: 'ನಿಮ್ಮ ಕೋರಿಕೆಯಂತೆ ನಿಮ್ಮ ನಂಬರನ್ನು ತೆಗೆದುಹಾಕಲಾಗಿದೆ. ಇನ್ನು ಮುಂದೆ ನಮ್ಮಿಂದ ಸಂದೇಶ ಬರುವುದಿಲ್ಲ. ಆದ ತೊಂದರೆಗೆ ಕ್ಷಮೆಯಿರಲಿ.' ಎಷ್ಟು ಜನರಿಗೆ ಕಳಿಸಿದ್ದರೋ ಲೆಕ್ಕವಿಲ್ಲ. ಅವತ್ತು ಮಾತ್ರ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಕಳಿಸಿದರು. ನಂಬರನ್ನು ಅಳಿಸಿದರು.

"ಕ್ಷಮೆ ಅಂತ ಇದೆ ಅದರಲ್ಲಿ" ಎಂದರು, ನನ್ನ ಕಡೆ ನೋಡದೆ. "ಓದ್ತಾಳೆ ಅಲ್ವ?"

"ಓದ್ತಾಳೆ ಮಾಮ" ಎಂದೆ. ಅಂಥ ಮೆಸೇಜನ್ನು ನಾನು ಒಮ್ಮೆಯೂ ಕೊನೆಯವರೆಗೆ ಓದಿದವಳಲ್ಲ.