ಹೇಮಾವತಿ ತೂರಿಬಿಟ್ಟ ದನಿ

ಕುಷ್ಟಗಿಯಲ್ಲಿ ಹೇಮಾವತಿಯ ಅಂಗಡಿಗೆ ಹೋದವರು ಮೊದಲು ಬೈಸಿಕೊಳ್ಳುತ್ತಾರೆ, ಆಮೇಲೆ ಕೆಲಸ ಮಾಡಿಸಿಕೊಳ್ಳುತ್ತಾರೆ. ಅವಳು ರಿಪೇರಿ ಮಾಡುವುದು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳನ್ನು. ದಾಳಿಂಬೆ ತೋಟದವರು ತರುವ ಪೆಟ್ಟಿಗೆಯೊಳಗೆ ಹಲ್ಲಿಮೊಟ್ಟೆ ಇರುತ್ತದೆ, ಕಣಜ ಕಟ್ಟಿದ ಮಣ್ಣಿನ ಗೂಡು ಇರುತ್ತದೆ, ಒಮ್ಮೆ ಒಣಗಿದ ಕಪ್ಪೆಯೂ ಇತ್ತು. "ಇದು ಪೆಟಗಿ ಏನ್ರಿ, ತಿಪ್ಪಿ ಏನ್ರಿ? ಒರಿಸಿಕೊಂಡ ಬರಾಕ ಏನಾಗಿತ್ತು?" ಎಂದು ಶುರು ಮಾಡಿದಳೆಂದರೆ ಬ್ರಶ್ಶಿನಿಂದ ಕೊನೆಯ ಧೂಳು ಉದುರಿಸುವ ತನಕ ಬಾಯಿ ನಿಲ್ಲದು. ಜನ ನಗುತ್ತ ಕೇಳಿಸಿಕೊಳ್ಳುತ್ತಾರೆ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆ ಈ ಅಂಗಡಿಯ ಮಟ್ಟಿಗೆ ನಿಜ. ಬೈಸಿಕೊಂಡ ಪೆಟ್ಟಿಗೆ ಬದುಕಿಯೇ ಮನೆಗೆ ಹೋಗುತ್ತದೆ.

ಈ ಪೆಟ್ಟಿಗೆಗಳು ಮಾತಾಡುತ್ತವೆ. ಹೊಲಕ್ಕೆ ಕರೆಂಟು ಬಂದ ಕೂಡಲೇ ಒಳಗಿನ ಸಿಮ್ಮಿನಿಂದ ರೈತನಿಗೆ ಫೋನು ಹೋಗುತ್ತದೆ. ಎತ್ತಿದರೆ ಒಬ್ಬ ಹೆಂಗಸು, "ಕರೆಂಟ್ ಬಂದೈತಿ, ಏಳ್ರಿ, ಮೋಟಾರ ಚಾಲೂ ಮಾಡ್ರಿ" ಎನ್ನುತ್ತಾಳೆ. ಗಂಗಾವತಿಯಿಂದ ಯಲಬುರ್ಗಾದ ತನಕ, ಕಟ್ಟಿಕೊಂಡ ಹೆಂಡತಿಯ ಮಾತಿಗೆ ಏಳದ ಗಂಡಸರೂ ಈ ಮಾತಿಗೆ ಎದ್ದಿದ್ದಾರೆ. ಆ ದನಿ ಮರಳಿ ಎಂಬ ಊರಿನ ಹುಲಗಮ್ಮನದು.

ಅದು ಪೆಟ್ಟಿಗೆ ಸೇರಿದ ಕಥೆ ಹೀಗೆ. ಹೇಮಾವತಿ ಕೊಪ್ಪಳದಲ್ಲಿ ಐಟಿಐ ಮುಗಿಸಿ, ಗಂಗಾವತಿಯಲ್ಲಿ ಗೌರೀಶ ಎಂಬವನು ನಡೆಸುತ್ತಿದ್ದ ಸಣ್ಣ ಕಾರ್ಖಾನೆಗೆ ಸೇರಿದ್ದಳು. ಗೌರೀಶ ಮೊದಲು ಪಟ್ಟಣದ ಒಬ್ಬಾಕೆಯ ದನಿ ತರಿಸಿದ್ದ. "ವಿದ್ಯುತ್ ಪೂರೈಕೆ ಆರಂಭಗೊಂಡಿದೆ" ಎಂದು ಅದು ಶುರುವಾಗುತ್ತಿದ್ದಂತೆ ರೈತರು ಯಾವುದೋ ಜಾಹೀರಾತೆಂದು ಫೋನು ಕತ್ತರಿಸುತ್ತಿದ್ದರು. ಪೈರು ಒಣಗಿ, ಬೈಗುಳ ಕಾರ್ಖಾನೆಗೆ ಬರುತ್ತಿತ್ತು. ಆಗ ಹೇಮಾವತಿ, ಅಲ್ಲಿಗೆ ಹಾಲು ಹಾಕಲು ಬರುತ್ತಿದ್ದ ಹುಲಗಮ್ಮನ ಹೆಸರು ಹೇಳಿದಳು. ಕಾಲುವೆಯ ಈ ದಂಡೆಯಲ್ಲಿ ನಿಂತು ಆ ದಂಡೆಯಲ್ಲಿ ನಾಟಿ ಮಾಡುವವರನ್ನು ಊಟಕ್ಕೆ ಕರೆಯಬಲ್ಲ ದನಿ ಅದು. ಆದರೆ ಮೈಕು ಮುಂದಿಟ್ಟರೆ ಹುಲಗಮ್ಮ ಕಲ್ಲಾದಳು. "ಗ್ವಾಡಿ ಮುಂದ ಕುಂತು ಏನಂತ ಮಾತಾಡ್ಲವ್ವ?" ಎಂದಳು. ಎಮ್ಮೆಯ ಪಕ್ಕ ಕೂತರೆ ಮಾತ್ರ ಅವಳ ನಾಲಿಗೆ ಸಡಿಲವಾಗುತ್ತದೆಂದು ತಿಳಿದು, ಹೇಮಾವತಿ ಮರಳಿಗೇ ಹೋದಳು. ಹಾಲು ಕರೆಯುತ್ತಿದ್ದವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೇಕಾದ ಮಾತುಗಳನ್ನು ಒಂದೊಂದಾಗಿ ಹೇಳಿಸಿದಳು. ನಡುವೆ ಹುಲಗಮ್ಮ ಎಮ್ಮೆಯ ಜೊತೆ ಆಡಿದ ಮಾತೂ ಧ್ವನಿಮುದ್ರಣದಲ್ಲಿ ಸೇರಿಕೊಂಡಿತು.

ಮುಂದೆ ಗೌರೀಶ ಕಾರ್ಖಾನೆ ಮುಚ್ಚಿದ. ಪ್ರೋಗ್ರಾಂ ಬರೆದವನು ತನ್ನ ಬರಹವನ್ನೆಲ್ಲ ತೆಗೆದುಕೊಂಡು ಹೋದ. ಉಳಿದದ್ದು ಯಂತ್ರಕ್ಕೆಂದು ಬೇಯಿಸಿಟ್ಟ, ಮನುಷ್ಯರು ಓದಲಾಗದ ಆಬ್ಜೆಕ್ಟ್ ಫೈಲುಗಳು ಮಾತ್ರ. ಅನ್ನವನ್ನು ತಿರುಗಿ ಅಕ್ಕಿ ಮಾಡಲಾಗದು. ಇನ್ನು ಈ ಪೆಟ್ಟಿಗೆಗಳ ಋಣ ತೀರಿತು ಎಂದು ಉಳಿದವರು ಕೈ ತೊಳೆದುಕೊಂಡರು. ಹೇಮಾವತಿ ಬಿಡಲಿಲ್ಲ. ಅನ್ನ ಅಕ್ಕಿಯಾಗದಿದ್ದರೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕಬಹುದಲ್ಲ, ಕಲ್ಲು ಆರಿಸಬಹುದಲ್ಲ ಎಂಬುದು ಅವಳ ವಾದ. ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂತು ಆಬ್ಜ್‌ಕಾಪಿ ಎಂಬ ಕಮಾಂಡನ್ನು ಕಲಿತಳು. ಅದು ಫೈಲನ್ನು ನಕಲು ಮಾಡುತ್ತಲೇ ಅದರ ರೂಪ ಬದಲಿಸುತ್ತದೆ. ಫೈಲಿನೊಳಗೆ ಮನೆಯಲ್ಲಿರುವಂತೆ ಕೋಣೆಗಳಿರುತ್ತವೆ. ಇಂಥ ಕೋಣೆ ಬೇಕು, ಇಂಥದು ಬೇಡ ಎಂದರೆ ಹಾಗೇ ತೆಗೆದುಕೊಡುತ್ತದೆ. ಹೀಗೆ ಹಳೆಯ ಫೈಲುಗಳನ್ನೇ ಹೊಸ ಚಿಪ್ಪುಗಳು ಒಪ್ಪುವ ರೂಪಕ್ಕೆ ತಂದು, ಕುಷ್ಟಗಿಯಲ್ಲಿ ಅಂಗಡಿ ತೆರೆದಳು. ಹೇಳಿಕೊಟ್ಟವರಿಲ್ಲ, ಬೆನ್ನು ತಟ್ಟಿದವರೂ ಇಲ್ಲ. ನನ್ನನ್ನು ಕೇಳಿದರೆ ಇದು ಸಣ್ಣ ಛಲವಲ್ಲ.

ಆದರೆ ಗುಣವೇ ಒಮ್ಮೊಮ್ಮೆ ಕೈಕೊಡುತ್ತದೆ. ಹೇಮಾವತಿ ಜೋಳ ಹಸನು ಮಾಡುವ ಮನೆಯಲ್ಲಿ ಹುಟ್ಟಿದವಳು. ಹೊಟ್ಟು ಕಂಡರೆ ತೂರದೆ ಇರಲಾರಳು. ದನಿಯ ಫೈಲಿನಲ್ಲಿ ಯಾವ ಪೆಟ್ಟಿಗೆಯೂ ಬಳಸದ ಒಂದು ಕೋಣೆ ಸುಮ್ಮನೆ ಜಾಗ ತಿನ್ನುತ್ತಿತ್ತು. ಅದನ್ನು ತೆಗೆ ಎಂದು ಕಮಾಂಡು ಕೊಟ್ಟಳು. ಆ ಕಮಾಂಡಿಗೆ ಎರಡು ಹೆಸರು ಹೇಳಬೇಕು: ಯಾವುದರಿಂದ, ಯಾವುದಕ್ಕೆ. ಒಂದೇ ಹೆಸರು ಹೇಳಿದರೆ ಅದು ಬೈಯುವುದಿಲ್ಲ, ಕೇಳುವುದಿಲ್ಲ. ಹಸನಾದದ್ದನ್ನು ಮೂಲದ ಮೇಲೆಯೇ ಸುರಿದು ತೆಪ್ಪಗಾಗುತ್ತದೆ. ಹೇಮಾವತಿ ಒಂದೇ ಹೆಸರು ಹೇಳಿದಳು. ಜಾಗ ಉಳಿಯಿತೆಂದು ಖುಷಿಪಟ್ಟು ಬೇರೆ ಕೆಲಸಕ್ಕೆ ಎದ್ದಳು.

ಈ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಹುಲಗಮ್ಮನ ಗಂಡ ಹುಚ್ಚೀರಪ್ಪ ಅಂಗಡಿಗೆ ಬಂದ. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಹುಲಗಮ್ಮನಿಗೆ ಗಂಟಲಿನ ಆಪರೇಷನ್ ಆಗಿತ್ತು, ಜೀವ ಉಳಿದಿತ್ತು, ದನಿ ಹೋಗಿತ್ತು.

"ಎಮ್ಮಿ ಯಾರಿಗೂ ಹಾಲ ಬಿಡವಲ್ದವ್ವ," ಎಂದ. "ಕರ ಸತ್ತದ್ದು. ಆಕಿ ಕರದ್ರಷ್ಟ ಸೊರ ಬಿಡ್ತಿತ್ತು. ಈಗ ಆಕಿ ಕೊಟ್ಟಿಗಿಗೆ ಹೋಗೂದ ಬಿಟ್ಟಾಳ. ಕೈಸನ್ನಿ ಎಮ್ಮಿಗೆ ಏನ ತಿಳೀತೈತಿ? ಮುಂದಿನ ಸಂತಿಗೆ ಹೊಡಕೊಂಡ ಹೋಗಾಂವ ಅದೀನಿ."

ಹೇಮಾವತಿ ನೀರು ಕೊಟ್ಟಳು. ಅವನು ಕುಡಿಯದೆ ಹಿಡಿದುಕೊಂಡೇ ಕೂತ.

"ಗದ್ದಿ ಪೆಟಗ್ಯಾಗ ಆಕಿ ದನಿ ಇನ್ನೂ ಐತಿ. ಆಕಿ ಒಲಿ ಮುಂದ ಬಾಯಿಲ್ಲದ ಕುಂತಿರ್ತಾಳ, ನನ್ನ ಫೋನ್ಯಾಗ ಕರೆಂಟ್ ಬಂದೈತಿ ಅಂತಾಳ. ಅದನ್ನ ಎಮ್ಮಿ ಕಿವಿಗೆ ಹಿಡದ್ನಿ. ಕಿವಿ ನಿಮಿರಿಸ್ತು, ಹಾಲ ಬಿಡಲಿಲ್ಲ. ಎಮ್ಮಿಗೆ ಕರೆಂಟ್ ಯಾಕ ಬೇಕು? ಅವತ್ತ ನೀ ಬಂದಾಗ ಆಕಿ ಎಮ್ಮಿನ್ನ ಕರದಿದ್ಲಲ್ಲ, ಅದು ನಿನ್ನ ಹಂತ್ಯಾಕ ಇರಬೇಕು."

ಹೇಮಾವತಿ ಫೈಲು ತೆರೆದು ಕೋಣೆಗಳನ್ನು ನೋಡಿದಳು. ಕರೆಂಟು ಬಂದದ್ದಿತ್ತು, ಹೋದದ್ದಿತ್ತು, ನೀರಿಲ್ಲದ್ದಿತ್ತು. ಎಮ್ಮೆಯನ್ನು ಕರೆದದ್ದು ಇರಲಿಲ್ಲ. ತಾನು ತೂರಿದ ಹೊಟ್ಟು ಯಾವುದೆಂದು ಆಗ ಅವಳಿಗೆ ಹೊಳೆಯಿತು.

"ನಾನ ಕೈಯಾರೆ ಚೆಲ್ಲೀನಿ ಕಾಕಾ," ಎಂದಳು. ಸುಳ್ಳು ಹೇಳಿ ಸಾಗಹಾಕುವುದು ಅವಳಿಗೆ ಬಾರದು. ಹುಚ್ಚೀರಪ್ಪ ಎದ್ದು ನಿಂತ. ಲೋಟ ಕೆಳಗಿಟ್ಟು ಟವೆಲ್ಲು ಹೆಗಲಿಗೆ ಹಾಕಿಕೊಂಡ.

ಅವನು ಮೆಟ್ಟಿಲು ಇಳಿಯುವಾಗ ಹೇಮಾವತಿಗೆ ತನ್ನ ತಾಯಿಯ ಮಾತು ನೆನಪಾಯಿತು. ಮೊಸರು ಕಡೆಯುವ ಮೊದಲು ಹೆಪ್ಪಿಗೆ ತೆಗೆದಿಡು ಎನ್ನುತ್ತಿದ್ದಳು ಅವ್ವ. ಮರೆತರೆ, ನಿನ್ನಿಂದ ಹೆಪ್ಪು ಒಯ್ದವರ ಮನೆಗೆ ಹೋಗಿ ಕೇಳು, ಅದು ನಮ್ಮದೇ ಮೊಸರು ಎನ್ನುತ್ತಿದ್ದಳು. ಹೇಮಾವತಿಯೂ ಹೆಪ್ಪು ಕೊಟ್ಟಿದ್ದಳು. ಗೌರೀಶನ ಕಾರ್ಖಾನೆಯಲ್ಲಿ ಜೊತೆಗಿದ್ದ ತಾಹೇರ ಯಲಬುರ್ಗಾದಲ್ಲಿ ಅಂಗಡಿ ಹಾಕಿದಾಗ, ಹೊಸ ಒಲೆ ಹೂಡಿದವರಿಗೆ ಹೆಪ್ಪು ಕೊಡುವಂತೆ ಅವನಿಗೆ ಫೈಲುಗಳನ್ನೆಲ್ಲ ನಕಲು ಮಾಡಿ ಕೊಟ್ಟಿದ್ದಳು. ಅದು ಹಸನು ಮಾಡುವ ಮೊದಲಿನ ಮಾತು.

"ಸಂತಿಗೆ ಹೋಗಬ್ಯಾಡ್ರಿ ಕಾಕಾ," ಎಂದು ಕೂಗಿ ಹೇಳಿ, ಅಂಗಡಿಯ ಬಾಗಿಲೆಳೆದು ಯಲಬುರ್ಗಾದ ಬಸ್ಸು ಹತ್ತಿದಳು.

ತಾಹೇರನ ಅಂಗಡಿಯನ್ನು ವರ್ಣಿಸುವುದು ಬೇಡ. ಹೇಮಾವತಿ ಬಂದಾಗಲೆಲ್ಲ ಅವನ ಮೇಜು ನೋಡಿ ಬೈದು ಹೋಗುತ್ತಿದ್ದಳು. ಅವನ ಕಂಪ್ಯೂಟರು ಮೇಜಿಗಿಂತ ಹೊಲಸು. ಅದರಲ್ಲಿ "ಹೊಸದು" ಎಂಬ ಫೋಲ್ಡರಿನೊಳಗೆ "ಇದಲ್ಲ" ಎಂಬ ಫೋಲ್ಡರು, ಅದರೊಳಗೆ "ಬ್ಯಾಡಾದ್ದು" ಎಂಬ ಇನ್ನೊಂದು. ದನಿಯ ಫೈಲು ಆ ಕೊನೆಯದರಲ್ಲಿ, ಅವಳು ಕೊಟ್ಟ ದಿನದ ತಾರೀಖಿನ ಸಮೇತ ಹಾಗೇ ಇತ್ತು.

"ನೀ ಕೊಟ್ಟದ್ದ ಅಕ್ಕಾ," ಎಂದ ತಾಹೇರ. "ಉಪಯೋಗಕ್ಕ ಬರಲಿಲ್ಲ. ಅಳಸಾಕೂ ಮನಸ ಬರಲಿಲ್ಲ."

"ಹಿಂಗ ಹೊಲಸ ಇರಪಾ ನೀನು," ಎಂದಳು ಹೇಮಾವತಿ. ಅವಳ ಬಾಯಿಂದ ಇಂಥ ಆಶೀರ್ವಾದ ಮೊದಲು ಯಾರಿಗೂ ಸಿಕ್ಕಿದ್ದಿಲ್ಲ.

ಮೊದಲು ಹೆಪ್ಪು ತೆಗೆದಿಟ್ಟಳು, ಅಂದರೆ ಪೆನ್‌ಡ್ರೈವಿಗೆ ಒಂದು ನಕಲು. ಆಮೇಲೆ ಕಮಾಂಡು ಬರೆದಳು: ಆ ಒಂದು ಕೋಣೆ ಮಾತ್ರ ಬೇಕು, ಬರೀ ಸೊನ್ನೆ-ಒಂದುಗಳ ಬೈನರಿ ರೂಪದಲ್ಲಿ ಬೇಕು. ಎರಡು ಹೆಸರುಗಳನ್ನೂ ಗಟ್ಟಿಯಾಗಿ ಓದಿಕೊಂಡು ಎಂಟರ್ ಒತ್ತಿದಳು. ಹೀಗೆ ಬಿಡಿಸಿ ತೆಗೆದ ದನಿಗೆ ಯಾವ ಗುರುತಿನ ಚೀಟಿಯೂ ಇರುವುದಿಲ್ಲ. ಎಷ್ಟು ವೇಗದಲ್ಲಿ ನುಡಿಸಬೇಕೆಂದು ನಾವೇ ಹೇಳಬೇಕು. ಮೊದಲ ಸಲ ಹುಲಗಮ್ಮ ಕೋಳಿಮರಿಯ ಹಾಗೆ ಚಿಲಿಪಿಲಿ ಎಂದಳು. ತಾಹೇರ ನಕ್ಕ. ಹೇಮಾವತಿ ವೇಗ ಇಳಿಸಿದಳು. ಆಗ ಕೊಟ್ಟಿಗೆಯ ಹಾಲಿನ ಸರಸರ ಸದ್ದಿನ ಜೊತೆ ತುಂಬು ದನಿಯೊಂದು ಅಂಗಡಿಯೊಳಗೆ ಬಂತು. ತಾಹೇರ ನಗು ನಿಲ್ಲಿಸಿದ. ಹೇಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕುಷ್ಟಗಿಗೆ ಮರಳಿದವಳು ಅದೇ ದಾರಿಯನ್ನು ತಿರುಗಿ ನಡೆದಳು. ಬೈನರಿಯನ್ನು ಮತ್ತೆ ಆಬ್ಜೆಕ್ಟ್ ಫೈಲಾಗಿಸಿ, ಒಂದು ಸಣ್ಣ ಪ್ರೋಗ್ರಾಮಿಗೆ ಜೋಡಿಸಿ, ಹಳೆಯ ಬೋರ್ಡೊಂದರ ಚಿಪ್ಪಿಗೆ ಇಳಿಸಿದಳು. ಸ್ಪೀಕರು ಹಚ್ಚಿ, ಕರೆಗಂಟೆಯ ದೊಡ್ಡ ಗುಂಡಿ ಕೂರಿಸಿದಳು. ಸಂತೆಯ ಹಿಂದಿನ ದಿನ ಪೆಟ್ಟಿಗೆ ಹಿಡಿದು ಹುಲಗಮ್ಮನ ಮನೆಗೆ ಬಂದಳು.

ಹುಚ್ಚೀರಪ್ಪ ಆಸೆಗೆ ಬಿದ್ದು ತಾನೇ ಕೊಟ್ಟಿಗೆಗೆ ಒಯ್ದು ಗುಂಡಿ ಒತ್ತಿದ. ಎಮ್ಮೆ ಬಾಗಿಲ ಕಡೆ ತಿರುಗಿ ಹುಡುಕಿತು, ಹಾಲು ಬಿಡಲಿಲ್ಲ. ಅವನು ಮಾತು ಪೂರ್ತಿಯಾಗುವ ಮೊದಲೇ ಅದನ್ನು ನಿಲ್ಲಿಸಿ, ಮೋರೆ ಇಳಿಸಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಹೇಮಾವತಿ ಪೆಟ್ಟಿಗೆಯನ್ನು ಒಳಗೆ ಒಯ್ದು ಹುಲಗಮ್ಮನ ಮಡಿಲಲ್ಲಿಟ್ಟಳು. "ಇದು ಕಾಕಾಂದಲ್ಲ, ನಿಂದು. ನೀನ ಒತ್ತಬೇಕು" ಎಂದಳು.

ಹುಲಗಮ್ಮ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಎದ್ದು ಹಾಲು ಕರೆಯುವ ಚರಿಗೆ ತೊಳೆದುಕೊಂಡಳು. ಕೊಟ್ಟಿಗೆಯಲ್ಲಿ ತನ್ನ ಮಾಮೂಲಿ ಜಾಗದಲ್ಲಿ ಕೂತು, ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, ಗುಂಡಿ ಒತ್ತಿದಳು.

"ಬಾ ನನ್ನವ್ವ, ಬಾ. ಬಿಡವ್ವ, ನಮ್ಮವ್ವ ಹೌದಲ್ಲೋ, ಬಿಡು."

ಎಮ್ಮೆ ಹುಲಗಮ್ಮನ ಬೆನ್ನು ಮೂಸಿತು. ಕೆಚ್ಚಲಿಗೆ ಹಾಲಿಳಿಯಿತು. ಚರಿಗೆಯ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದು ಕಟ್ಟೆಯ ಮೇಲೆ ಕೂತವನಿಗೂ ಕೇಳಿಸಿತು. ದನಿ ಅಲ್ಲಿಗೆ ಮುಗಿಯಿತೆಂದು ಅವನು ತಿಳಿದಿದ್ದ. ಮುಗಿದಿರಲಿಲ್ಲ. ಧ್ವನಿಮುದ್ರಣದ ದಿನ ಹುಲಗಮ್ಮ ಇನ್ನೂ ಒಂದು ಮಾತು ಆಡಿದ್ದಳು, ಅದೂ ಆ ಕೋಣೆಯಲ್ಲಿಯೇ ಉಳಿದಿತ್ತು.

"ಇಲ್ನೋಡ್ರಿ, ಅಲ್ಲೇ ಕುಂತೀರೇನು? ಇನ್ನೊಂದ ಚರಗಿ ತರ್ರಿ."

"ತಂದ್ನಿ, ತಂದ್ನಿ," ಎಂದು ಹುಚ್ಚೀರಪ್ಪ ದಡಬಡಿಸಿ ಎದ್ದು ಅಡುಗೆಮನೆಗೆ ಹೋದ. ಚರಿಗೆ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದ ಮೇಲೆಯೇ ಅವನಿಗೆ ನೆನಪಾಯಿತು. ಹುಲಗಮ್ಮ ತಿರುಗಿ ಅವನ ಮುಖ ನೋಡಿದಳು, ಹೆಗಲು ಕುಲುಕಿಸಿ ಸದ್ದಿಲ್ಲದೆ ನಕ್ಕಳು, ಮತ್ತು ಚರಿಗೆಗೆ ಕೈ ಚಾಚಿದಳು.